ಗುಡಿಸಿದ ಗುಡ್ಡೆಗೆ ಬೆಂಕಿ

ಬೆಂಕಿಯ ಕೆಲಸಕ್ಕೆ ಹೊರಟ ಫಾರೆಸ್ಟರ್ ಲೋಕನಾಥ ಕೆಟ್ಟದ್ದು ಕಸ ಗುಡಿಸುವ ಹಿಡಿಸೂಡಿಯಿಂದ.

2004ರ ಫೆಬ್ರವರಿ. ಹಿಂದಿನ ತಿಂಗಳು ತರಬೇತಿಗೆ ಹೋಗಿದ್ದ ಅವನು ಅಲ್ಲಿಂದ ಒಂದು ಸಿ.ಡಿ. ತಂದಿದ್ದ. ಅದರೊಳಗಿನ ಪ್ರೋಗ್ರಾಮಿಗೆ ಮರದ ಸುತ್ತಳತೆ, ತೊಗಟೆಯ ದಪ್ಪ, ನೆಲದ ಮೇಲಿನ ತರಗೆಲೆ ಎಷ್ಟು, ಅದರ ತೇವ ಎಷ್ಟು ಎಂದು ತಿಳಿಸಿದರೆ ಸಾಕು. ಅಲ್ಲಿ ಬೆಂಕಿ ಬಿದ್ದರೆ ಎಷ್ಟು ಮರ ಸಾಯುತ್ತದೆ, ಮಣ್ಣು ಎಷ್ಟು ಆಳಕ್ಕೆ ಕಾಯುತ್ತದೆ, ಹೊಗೆ ಎಷ್ಟು ಕಿಲೋ ಏಳುತ್ತದೆ ಎಂದು ಬೆಂಕಿಪೆಟ್ಟಿಗೆ ತೆರೆಯುವ ಮೊದಲೇ ಅದು ಹೇಳಿಬಿಡುತ್ತಿತ್ತು.

“ಹೊಗೆ ತೂಗುವ ತಕ್ಕಡಿ ಯಾವ ಅಂಗಡಿಯಲ್ಲಿ ಸಿಗ್ತದೆ ಸಾರ್?” ಎಂದು ವಾಚರ್ ರಮಾನಾಥ ಕೇಳಿದ್ದ.

ಸುದ್ದಿ ದೊಡ್ಡ ಸಾಹೇಬರ ಕಿವಿಗೆ ಬಿತ್ತು. “ಹಾಗಾದರೆ ತೋರಿಸಿ,” ಎಂದರು ಸಾಹೇಬರು. ಸಿದ್ಧಕಟ್ಟೆಯ ಆಚೆಯ ಗುಡ್ಡೆಯಲ್ಲಿ ಇಲಾಖೆಯ ಒಂದೆಕರೆ ಅಕೇಶಿಯಾ ತೋಪಿಗೆ ಸಂಜೆ ನಾಲ್ಕಕ್ಕೆ ಬೆಂಕಿ ಹಚ್ಚುವುದು. ಅದಕ್ಕೂ ಮೊದಲು ಲೋಕನಾಥ ಕಂಪ್ಯೂಟರಿನ ಭವಿಷ್ಯವನ್ನು ಲಕೋಟೆಯಲ್ಲಿ ಹಾಕಿ ಕೊಡುವುದು. “ಸರಿಯಾದರೆ ನಿಮ್ಮನ್ನು ಇಲ್ಲೇ ಇಟ್ಕೊಳ್ಳೋಣ. ಸುಳ್ಳಾದರೆ ಚಾರ್ಮಾಡಿ ಘಾಟಿಯಲ್ಲಿ ಒಂದು ಜಾಗ ಖಾಲಿ ಇದೆ.”

ಲೋಕನಾಥನ ಮನೆ ಮೆಲ್ಕಾರಿನಲ್ಲಿ. ಹೆಂಡತಿ ವಿನೋದಾ ನರ್ಸು, ಅವಳಿಗೆ ರಾತ್ರಿ ಪಾಳಿ. ಗಂಡ ಒಳಗೆ ಬರುವಾಗ ಹೆಂಡತಿ ಚಪ್ಪಲಿ ಹಾಕುತ್ತಿರುತ್ತಿದ್ದಳು. ಪ್ರಾಪ್ತಿ, ರಂಜಿತ್ ಎಂಬ ಇಬ್ಬರು ಮಕ್ಕಳನ್ನು ಗಡಿಯಾರ ನೋಡಿ ಕೈಯಿಂದ ಕೈಗೆ ದಾಟಿಸುವ ಸಂಸಾರ ಅದು. ಗಂಡ ಘಾಟಿ ಹತ್ತಿದರೆ ರಾತ್ರಿ ಹೊತ್ತು ಆ ಮಕ್ಕಳನ್ನು ತೆಗೆದುಕೊಳ್ಳುವ ಕೈಯೇ ಇರಲಿಲ್ಲ.

ಆದುದರಿಂದ ಅವನು ಹಿಂದಿನ ದಿನವೇ ತೋಪಿನಲ್ಲಿ ಮೊಣಕಾಲೂರಿ ಎಲೆಯನ್ನು ಸ್ಕೇಲಿನಿಂದ ಅಳೆದಿದ್ದ. ಮೆಲ್ಕಾರಿನ ಫಯಾಝನ ಕಂಪ್ಯೂಟರ್ ಸೆಂಟರಿನಲ್ಲಿ ಲೆಕ್ಕ ಹಾಕಿಸಿ ಪ್ರಿಂಟ್ ತೆಗೆದದ್ದೂ ಆಗಿತ್ತು: ಮುನ್ನೂರು ಮರಗಳಲ್ಲಿ ಅರುವತ್ತೆರಡು ಸಾವು. ತೋಪಿನಿಂದ ಹೊರಡುವಾಗ ರಮಾನಾಥನಿಗೆ, “ನಾಳೆ ದೊಡ್ಡ ಸಾಹೇಬರು ಬರ್ತಾರೆ ರಮಾನಾಥಣ್ಣ, ಜಾಗ ನೋಡ್ಕೊಳ್ಳಿ,” ಎಂದಿದ್ದ. ಆ ಮಾತೇ ಮುಳುವಾಯಿತು.

ಮರುದಿನ ಮಧ್ಯಾಹ್ನ ಒಂದೂವರೆಗೆ ಗುಡ್ಡೆಗೆ ಬಂದ ಲೋಕನಾಥ ಬೈಕಿನಿಂದ ಇಳಿಯುವುದನ್ನೇ ಮರೆತ. ತೋಪಿನ ನೆಲ ಮದುವೆ ಮನೆಯ ಅಂಗಳದಂತೆ ಹೊಳೆಯುತ್ತಿತ್ತು. ಒಂದು ಎಲೆ ಇಲ್ಲ, ಒಂದು ಕಡ್ಡಿ ಇಲ್ಲ. ಅಂಚಿನ ಕಲ್ಲುಗಳಿಗೆ ಸುಣ್ಣ ಬೇರೆ. ನಡುವೆ ಹಿಡಿಸೂಡಿ ಹಿಡಿದು, ಬಹುಮಾನಕ್ಕೆ ಕಾದವನಂತೆ ರಮಾನಾಥ ನಿಂತಿದ್ದ.

“ಎಲೆ ಎಲ್ಲಿ?”

“ಗುಡಿಸಿದೆ ಸಾರ್. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು. ಸೊಂಟ ಹೋಯ್ತು.”

“ಗುಡಿಸ್ಲಿಕ್ಕೆ ಯಾರು ಹೇಳಿದ್ದು ಮಾರಾಯ್ರೆ?”

“ಹೇಳ್ಬೇಕಾ ಸಾರ್? ಇಪ್ಪತ್ತೆರಡು ವರ್ಷ ಸರ್ವಿಸ್ ಉಂಟು ನಂದು. ದೊಡ್ಡ ಸಾಹೇಬರು ಬರುವ ಜಾಗವನ್ನು ಗುಡಿಸದೆ ಯಾವತ್ತಾದ್ರೂ ಇಟ್ಟಿದ್ದೇನಾ?”

ಎಲೆಯೆಲ್ಲ ಗುಡ್ಡೆಯ ಕೆಳಗಿನ ಬೀಯಮ್ಮನ ದನದ ಹಟ್ಟಿಗೆ ಹೋಗಿತ್ತು. ಲೋಕನಾಥ ಓಡಿದ. ಬೀಯಮ್ಮ ಜಗಲಿಯಲ್ಲಿ ಕುಳಿತು ವೀಳ್ಯಕ್ಕೆ ಸುಣ್ಣ ಸವರುತ್ತಿದ್ದಳು.

“ಬೀಯಮ್ಮಕ್ಕ, ಆ ಎಲೆ ವಾಪಸ್ ಬೇಕಿತ್ತು.”

“ವರ್ಷವಿಡೀ ಒಂದು ಗೋಣಿ ಎಲೆಗೆ ನಮ್ಮನ್ನು ಓಡಿಸ್ತೀರಿ. ಇವತ್ತು ಕರೆದು ಕರೆದು ಮೂವತ್ತೆರಡು ಗೋಣಿ ಕೊಟ್ರಿ. ಈಗ ವಾಪಸಾ?” ಬೀಯಮ್ಮ ಹಟ್ಟಿಯ ಕಡೆ ಕೈ ತೋರಿಸಿದಳು. “ಹಾಸಿ ಆಯ್ತು. ದನ ಮಲಗಿ ಆಯ್ತು. ಉಳಿದದ್ದೂ ಮಾಡಿ ಆಯ್ತು. ಬೇಕಾದ್ರೆ ನೀವೇ ಎಬ್ಬಿಸಿ ತಕ್ಕೊಂಡು ಹೋಗಿ.”

ಕಂಪ್ಯೂಟರಿನಲ್ಲಿ ಎಲೆಯ ತೇವಕ್ಕೆ ಒಂದು ಕಾಲಂ ಇತ್ತು, ಗಂಜಳಕ್ಕೆ ಇರಲಿಲ್ಲ. ಲೋಕನಾಥ ಗಡಿಯಾರ ನೋಡಿದ. ಎರಡು ಗಂಟೆ. ಎಲೆಯನ್ನು ಲೆಕ್ಕಕ್ಕೆ ಸರಿಮಾಡುವುದು ಸಾಧ್ಯವಿಲ್ಲ. ಲೆಕ್ಕವನ್ನು ಎಲೆಗೆ ಸರಿಮಾಡಿದರೆ? ಅವನು ಬೈಕು ಒದ್ದ.

ಮೆಲ್ಕಾರು ತಲುಪುವಾಗ ಮೂರಕ್ಕೆ ಹತ್ತು ನಿಮಿಷ ಬಾಕಿ. ಸೆಂಟರಿನ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕರೆಂಟು ಹೋಯಿತು. ಯುಪಿಎಸ್ ಮರಿ ಕಳೆದುಕೊಂಡ ಬೆಕ್ಕಿನಂತೆ ಕೂಗತೊಡಗಿತು.

“ಆರು ನಿಮಿಷ ನಿಲ್ತದೆ ಸಾರ್, ಬೇಗ ಹೇಳಿ,” ಎಂದ ಫಯಾಝ್.

“ಎಲ್ಲಾ ನಿನ್ನೆಯದ್ದೇ. ಎಲೆ ಮಾತ್ರ ಸೊನ್ನೆ.”

ಫಯಾಝ್ ಒತ್ತಿದ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. “ಸೊನ್ನೆ ಆಗುವುದಿಲ್ಲಂತೆ ಸಾರ್. ಸುಡ್ಲಿಕ್ಕೆ ಏನೂ ಇಲ್ಲದಿದ್ರೆ ನನ್ನನ್ನು ಯಾಕೆ ಕೇಳ್ತೀರಿ ಅಂತ ಇದರ ವಾದ.”

“ಏನಾದ್ರೂ ಮಾಡು ಮಾರಾಯ!”

“ಪಾಯಿಂಟ್ ಸೊನ್ನೆ ಒಂದು ಹಾಕಿ ನೋಡುವ.”

ಕಂಪ್ಯೂಟರು ಒಪ್ಪಿತು. ಪ್ರಿಂಟರು ಕರಕರ ಹಲ್ಲು ಕಡಿಯುತ್ತ ಒಂದೊಂದೇ ಸಾಲು ಉಗುಳಿತು. ಸತ್ತ ಮರ ಸೊನ್ನೆ. ಹೊಗೆ ಸೊನ್ನೆ. ಮಣ್ಣಿನ ಬಿಸಿ ಸೊನ್ನೆ. ಕೊನೆಯ ಸಾಲು ಬಿದ್ದದ್ದೂ ಯುಪಿಎಸ್ ಸತ್ತದ್ದೂ ಒಟ್ಟಿಗೇ ಆಯಿತು. ಲೋಕನಾಥ ಹಳೆಯ ಹಾಳೆಯನ್ನು ಹರಿದು ಕಿಸೆಗೆ ತುರುಕಿ, ಹೊಸದನ್ನು ಲಕೋಟೆಗೆ ಹಾಕಿ, ಬಂದ ದಾರಿಯಲ್ಲೇ ಹಾರಿದ.

ಅವನು ಗುಡ್ಡೆ ಹತ್ತುವಾಗ ಸಾಹೇಬರ ಜೀಪು ಆಗಲೇ ನಿಂತಿತ್ತು. ಸಾಹೇಬರು ಲಕೋಟೆ ಒಡೆದು ಓದಿದರು. ಹುಬ್ಬು ಟೊಪ್ಪಿಯೊಳಗೆ ಹೋಯಿತು.

“ಎಲ್ಲಾ ಸೊನ್ನೆ? ಬೆಂಕಿಯನ್ನೇ ಹಚ್ಚುತ್ತೇವಲ್ರೀ!”

“ಕಂಪ್ಯೂಟರ್ ಹೇಳಿದ್ದು ಸಾರ್,” ಎಂದ ಲೋಕನಾಥ.

ರಮಾನಾಥ ಒಣ ತೆಂಗಿನ ಗರಿಯ ಸೂಟೆ ಹೊತ್ತಿಸಿ ನೆಲಕ್ಕೆ ಹಿಡಿದ. ಕೆಂಪು ಕಲ್ಲುನೆಲ ಸುಮ್ಮನೆ ನೋಡಿತು. ನಾಲ್ಕು ಕಡೆ ಹಿಡಿದ. ಏನೂ ಇಲ್ಲ. ಸಾಹೇಬರಿಗೆ ಬೇಸರವಾಗುತ್ತಿದೆ ಎಂದು ಅವನಿಗೆ ಸಂಕಟವಾಯಿತು.

“ಸಾರ್, ಜೀಪಿನ ಹಿಂದೆ ಡೀಸೆಲ್ ಕ್ಯಾನ್ ಉಂಟು. ಒಂದು ಚೂರು ಚಿಮುಕಿಸುವನಾ? ಚೆಂದ ಹಿಡೀತದೆ...”

ಲೋಕನಾಥ ಬೂಟುಗಾಲಿನಿಂದ ಅವನ ಪಾದವನ್ನು ಮೆಟ್ಟಿ ಹಿಡಿದ. ಉಳಿದ ಮಾತು ರಮಾನಾಥನ ಕಣ್ಣಿನಲ್ಲಿ ನೀರಾಗಿ ಬಂತು.

ಅಷ್ಟರಲ್ಲಿ ಗಾಳಿ ಬೀಸಿತು. ಒಂದೇ ಒಂದು ಒಣ ಎಲೆ ಮೇಲಿನಿಂದ ಕಳಚಿ, ತಿರುಗಿ ತಿರುಗಿ, ನೇರವಾಗಿ ಸೂಟೆಯ ಮೇಲೆ ಇಳಿಯಿತು. ಎಲೆ ಚುರ್ ಎಂದು ಹೊತ್ತಿ, ನೆಲಕ್ಕೆ ಬಿದ್ದು, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು ಆರಿಹೋಯಿತು.

ಸಾಹೇಬರು ಹಾಳೆ ನೋಡಿದರು. “ಇಲ್ಲಿ ಎಲೆ ಪಾಯಿಂಟ್ ಸೊನ್ನೆ ಒಂದು ಅಂತ ಇದೆ. ಅದೇನಾ ಇದು?”

“ಅದೇ ಸಾರ್.”

“ಭೇಷ್!” ಸಾಹೇಬರು ಅವನ ಬೆನ್ನು ತಟ್ಟಿದ ಸದ್ದಿಗೆ ಕಾಗೆಗಳು ಹಾರಿದವು. “ಒಂದು ಎಲೆಯನ್ನೂ ಬಿಟ್ಟಿಲ್ಲ ನಿಮ್ಮ ಯಂತ್ರ. ಇಪ್ಪತ್ತು ವರ್ಷದಲ್ಲಿ ಇಷ್ಟು ಕರಾರುವಾಕ್ಕಾದ ವರದಿ ನೋಡಿಲ್ಲ ನಾನು.”

ಲೋಕನಾಥನ ಕಣ್ಣಿಗೆ ಮಕ್ಕಳ ಮುಖ ಕಟ್ಟಿತು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಹರಡಿ, ಅದರ ಕೆಳಗೇ ಟಿಪ್ಪಣಿ ಬರೆಯತೊಡಗಿದರು, ಬರೆಯುತ್ತಲೇ ಹೇಳಿದರು:

“ಈ ಗುಡ್ಡೆಗೆ ಬೆಂಕಿ ಹಚ್ಚಿದರೂ ಹಿಡಿಯೋದಿಲ್ಲ ಅಂತ ನೀವೇ ಸಾಬೀತು ಮಾಡಿದಿರಿ. ಬೆಂಕಿಯೇ ಹಿಡಿಯದ ಜಾಗದಲ್ಲಿ ಇಲಾಖೆಗೆ ಒಬ್ಬ ಫಾರೆಸ್ಟರ್ ಯಾಕ್ರೀ? ಈ ಹುದ್ದೆ ಇವತ್ತಿಗೆ ರದ್ದು. ಇಂಥ ತಲೆ ಇರಬೇಕಾದದ್ದು ಬೆಂಕಿ ಇರುವಲ್ಲಿ. ಸೋಮವಾರವೇ ಚಾರ್ಮಾಡಿಗೆ ಸೇರಿಕೊಳ್ಳಿ.”

“ಸಾರ್, ಇಲ್ಲಿ ಬೆಂಕಿ ಹಿಡೀತದೆ! ಅರುವತ್ತೆರಡು ಮರ...”

ಸಾಹೇಬರು ಪೆನ್ನು ಎತ್ತಿದರು. “ಏನು? ನಿಮ್ಮ ಲೆಕ್ಕ ತಪ್ಪಾ?”

ತಪ್ಪು ಎಂದರೂ ಚಾರ್ಮಾಡಿ, ಸರಿ ಎಂದರೂ ಚಾರ್ಮಾಡಿ.

“ಸರಿ ಉಂಟು ಸಾರ್,” ಎಂದ ಲೋಕನಾಥ.