ಕಾಣದ ಜಿಂಕೆ ಎಣಿಸುವ ಅತ್ತೆ

ನಮ್ಮ ಸೋದರತ್ತೆಗೆ ಎಣಿಸಲು ಬರುವುದಿಲ್ಲ. ಆದರೂ ಸರ್ಕಾರ ಅವರಿಗೆ ಸಂಬಳ ಕೊಡುವುದು ಎಣಿಸುವುದಕ್ಕೇ! ದೆಹಲಿಯ ಒಂದು ಕಚೇರಿಯಲ್ಲಿ ಅವರು ಸಂಖ್ಯಾಶಾಸ್ತ್ರಜ್ಞೆ. ಅರಣ್ಯ ಸಿಬ್ಬಂದಿ ಕಾಡು ಸುತ್ತಿ, ಕಂಡ ಜಿಂಕೆಗಳನ್ನು ಎಣಿಸಿ ಕಳಿಸುತ್ತಾರೆ. ಪೊದೆಯ ಹಿಂದೆ ಕೂತು ಯಾರ ಕಣ್ಣಿಗೂ ಬೀಳದೆ ಹೋದ ಜಿಂಕೆಗಳೆಷ್ಟು ಎಂದು ಕಂಪ್ಯೂಟರಿನ ಮುಂದೆ ಕೂತು ಅಂದಾಜು ಮಾಡುವುದು ಅತ್ತೆಯ ಕೆಲಸ. ಕಂಡದ್ದನ್ನು ಯಾರು ಬೇಕಾದರೂ ಎಣಿಸಿಯಾರು ಎಂದು ಅವರಿಗೆ ಕಂಡದ್ದರ ಮೇಲೆ ಕೊಂಚ ತಾತ್ಸಾರ.

ಐಎಎಸ್ ಪರೀಕ್ಷೆಗೆ ಓದಲು ನಾನು ಬಂದಿಳಿದದ್ದು ಜನಕಪುರಿಯ ಅವರ ಮನೆಗೆ. ಪಾಸಾಗದಿದ್ದರೆ ತೆಪ್ಪಗೆ ಊರಿಗೆ ಬಂದು ಮದುವೆಯಾಗಬೇಕು ಎಂಬುದು ಅಪ್ಪನ ಷರತ್ತು. ಬಂದ ವಾರದಲ್ಲೇ ಅತ್ತೆಯ ಶಾಸ್ತ್ರದ ರುಚಿ ಸಿಕ್ಕಿತು.

"ಅತ್ತೆ, ಅಡುಗೆಮನೇಲಿ ಎರಡು ಜಿರಲೆ ಇವೆ!" ಎಂದು ಕಿರುಚಿದೆ.

"ಎರಡು ಕಂಡವು ಅನ್ನು. ನಿನ್ನ ಕಿರುಚಾಟಕ್ಕೆ ಹೆದರಿ ಅಡಗಿರೋವು ಎಷ್ಟಿರಬಹುದು, ಯೋಚನೆ ಮಾಡು."

ಯೋಚನೆ ಮಾಡಿದೆ. ಆಮೇಲೆ ಬಹಳ ದಿನ ಆ ಅಡುಗೆಮನೆಗೆ ಕಾಲಿಡಲಿಲ್ಲ.

ಇನ್ನು ಕನ್ನಡಿಗರೆಲ್ಲ ಸೇರಿ ಮಾಡಿದ ಯುಗಾದಿ ಊಟದ ಕಥೆ ಕೇಳಿ. ಎಷ್ಟು ಜನಕ್ಕೆ ಅನ್ನ ಇಡಲಿ ಎಂದು ಅಡುಗೆ ಭಟ್ಟರು ಕೇಳಿದ್ದೇ ತಡ, ಅತ್ತೆ ಗಂಧದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಮೊದಲು ಬಂದವರ ಕೈಗೆಲ್ಲ ಗಂಧ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಗುಂಪಿನಲ್ಲಿ ಅಡ್ಡಾಡಿ, ಎಷ್ಟು ಕೈಗಳಲ್ಲಿ ಗಂಧವಿದೆ ಎಂದು ನೋಡಿದರು. ಕೆರೆಯ ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿ ನೋಡುವ ಉಪಾಯವಂತೆ ಇದು. ಗುರುತಿನ ಮೀನು ಕಡಿಮೆ ಸಿಕ್ಕಷ್ಟೂ ಕೆರೆಯಲ್ಲಿ ಮೀನು ಹೆಚ್ಚು. ಗಂಧದ ಕೈಗಳು ಬೆರಳೆಣಿಕೆಯಷ್ಟು ಸಿಕ್ಕವು. "ಜನಸಾಗರ, ಭಟ್ಟರೇ! ಇನ್ನೊಂದು ಕೊಪ್ಪರಿಗೆ ಇಡಿ!" ಎಂದರು ಅತ್ತೆ. ಊಟದ ಹೊತ್ತಾಯಿತೆಂದು ಎಲ್ಲರೂ ಆಗಲೇ ನಲ್ಲಿಗೆ ಹೋಗಿ ಶುದ್ಧವಾಗಿ ಕೈ ತೊಳೆದುಕೊಂಡು ಬಂದಿದ್ದರು! ಇದು ಗೊತ್ತಾದದ್ದು ಅನ್ನ ಬೆಂದ ಮೇಲೆ. ಉಳಿದ ಅನ್ನ ಚಿತ್ರಾನ್ನವಾಗಿ ಜನಕಪುರಿಯ ಮನೆಮನೆ ಸುತ್ತಿತು.

"ಮೀನು ಕೈ ತೊಳೆಯಲ್ಲ ಕಣೇ," ಎಂದರು ಅತ್ತೆ, ಪೆಚ್ಚುಮೋರೆಯಲ್ಲಿ.

ನಮ್ಮ ಕಟ್ಟಡದ ಮೇಲಿನ ಮನೆಯಾಕೆಯೂ ಕೆಳಗಿನ ಮನೆಯಾಕೆಯೂ ಎಂದೂ ಜೊತೆಯಲ್ಲಿ ಕಾಣಿಸಿದವರಲ್ಲ. ಇಬ್ಬರಿಗೂ ಜಗಳ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅತ್ತೆ ಒಪ್ಪಬೇಕಲ್ಲ! "ಹುಲಿ, ಚಿರತೆ ಒಟ್ಟಿಗೆ ಕಾಣಲಿಲ್ಲ ಅಂದಮಾತ್ರಕ್ಕೆ ಹೊಡೆದಾಡಿವೆ ಅಂತಲೇನು? ಒಂದಕ್ಕೆ ಬೆಳಗಿನ ಓಡಾಟ, ಇನ್ನೊಂದಕ್ಕೆ ಸಂಜೆಯದು ಇಷ್ಟ ಇರಬಹುದು." ಇಷ್ಟು ಹೇಳಿ ಸುಮ್ಮನಾಗಲಿಲ್ಲ, ಮೇಲಿನ ಮನೆಯಾಕೆಯನ್ನು ನೇರವಾಗಿ ಕೇಳಿಯೇಬಿಟ್ಟರು.

"ಅರೇ ದೀದಿ, ಝಗಡಾ ಹೀ ಹೈ!" ಎಂದಳು ಆಕೆ. ಜಗಳವೇ!

ಸೋತ ಅತ್ತೆಯ ಮುಖದಲ್ಲಿ ಎಂಥ ಸಂತೋಷ ಅಂತೀರಿ! "ಅಚ್ಛಾ! ಪ್ರಾಣಿಗಳೂ ಹೀಗೆ ಬಾಯಿಬಿಟ್ಟು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!"

ಹೀಗೆ ಅವರನ್ನು ನೋಡಿ ನಗುತ್ತಲೇ ನಾನು ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ನನ್ನನ್ನು ಕರೆದೊಯ್ಯಲು ಅಪ್ಪ ಟಿಕೆಟ್ ಸಮೇತ ದೆಹಲಿಗೆ ಬಂದರು.

"ಎರಡು ಸಲ ಬರೆದಳಲ್ಲಕ್ಕ, ಇನ್ನೇನು ನೋಡೋದಿದೆ?"

"ಎರಡು ಸಲ ಹೋಗಿ ಬಂದು ಕಾಡಲ್ಲಿ ಹುಲಿನೇ ಇಲ್ಲ ಅಂತ ಬರೆದರೆ ನನ್ನ ಕೆಲಸ ಹೋಗುತ್ತೆ ಕಣೋ!"

ಅಪ್ಪನೂ ಅತ್ತೆಯ ತಮ್ಮನೇ ತಾನೆ, ಬಿಡಲಿಲ್ಲ. "ಸರಿ, ನಿನ್ನ ದಾರಿಗೇ ಬರ್ತೀನಿ. ಇನ್ನೊಂದು ವರ್ಷ ಓದಿದರೆ ಇವಳು ಪಾಸಾಗೋ ಸಂಭವ ಎಷ್ಟು? ಲೆಕ್ಕ ಹಾಕಿ ಹೇಳು. ಚೆನ್ನಾಗಿದ್ದರೆ ಬಿಟ್ಟು ಹೋಗ್ತೀನಿ."

ನನ್ನ ಅಂಕಗಳೆಲ್ಲ ಅತ್ತೆಗೆ ಗೊತ್ತು. ಸುಳ್ಳು ಲೆಕ್ಕ ಹೇಳುವ ಹೆಂಗಸಂತೂ ಅಲ್ಲ. ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಜಿಂಕೆಗಾದರೆ ಹಾಕ್ತೀನಿ ಕಣೋ ಲೆಕ್ಕ. ಇವಳಿಗೆ ಹಾಕಲ್ಲ. ಪಾಸಾಗಲಿ, ಬಿಡಲಿ, ಇಲ್ಲೇ ಇರಲಿ. ನನಗೆ ಇವಳು ಬೇಕು."

ಅಪ್ಪ ಮರುದಿನ ಒಬ್ಬರೇ ರೈಲು ಹತ್ತಿದರು.

ಮುಂದಿನ ವರ್ಷ ನಾನು ಪಾಸಾದೆ. ಆ ಫಲಿತಾಂಶದ ದಿನ ಏನೇನಾಯಿತೋ ಈಗ ಸರಿಯಾಗಿ ನೆನಪಿಲ್ಲ. ಎರಡು ಸಲ ಫೇಲಾದ ಹುಡುಗಿಯನ್ನು ಅತ್ತೆ ಬೇಕು ಎಂದ ಆ ದಿನ ನೆನಪಾದರೆ ಮಾತ್ರ ಇವತ್ತಿಗೂ ಕಣ್ಣು ತುಂಬುತ್ತದೆ.