ಡ್ರಾಯಿಂಗ್ ಮೇಷ್ಟ್ರುಗಳ ಸ್ವಂತ ಚಿತ್ರ

ಡ್ರಾಯಿಂಗ್ ಮೇಷ್ಟ್ರಿಗೆ ಇಂಥವು ಆಗುತ್ತಲೇ ಇರುತ್ತವೆ. ನಗುವುದು ಆಮೇಲೆ, ಅದೂ ಬೇರೆಯವರು.

ಐವತ್ತರ ದಶಕ. ನಾನು ಕೆ.ಆರ್. ನಗರದ ಶಾಲೆಯಲ್ಲಿದ್ದೆ. ಸುತ್ತಿನ ತಾಲ್ಲೂಕುಗಳ ಡ್ರಾಯಿಂಗ್ ಮೇಷ್ಟ್ರುಗಳನ್ನೆಲ್ಲ ಹುಣಸೂರಿಗೆ ತರಬೇತಿಗೆ ಕರೆಸಿದರು. ಮಕ್ಕಳಿಗೆ ಕಲಿಸುವವರು ಮೊದಲು ತಾವು ಸ್ವಂತವಾಗಿ ಬರೆಯಲು ಕಲಿಯಬೇಕಂತೆ. ಕೊನೆಯ ದಿನ ಇನ್ಸ್‌ಪೆಕ್ಟರು ಬರುತ್ತಾರೆ. ಸ್ವಂತ ಚಿತ್ರ ತೋರಿಸದವರ ಶಾಲೆಯಲ್ಲಿ ಡ್ರಾಯಿಂಗ್ ನಿಲ್ಲುತ್ತದೆ, ಮೇಷ್ಟ್ರು ಮನೆಗೆ ಹೋಗುತ್ತಾರೆ.

ಊರ ತುಂಬ ಹೊಗೆಸೊಪ್ಪಿನ ವಾಸನೆ, ಮೇಲೆ ಮೋಡ. ನಮ್ಮ ಮುಖಗಳೂ ಹಾಗೇ ಇದ್ದವು.

ಚೌಕ

ನನ್ನ ಪಕ್ಕ ಬೆಟ್ಟದಪುರದ ಮೇಷ್ಟ್ರು. ವಯಸ್ಸಾದವರು. ಅಚ್ಚಿನ ಚಿತ್ರದ ಮೇಲೆ ಚೌಕ ಎಳೆಯುವುದು, ಬೋರ್ಡಿನ ಮೇಲೂ ಅಷ್ಟೇ ಚೌಕ ಎಳೆದು ಒಂದೊಂದಾಗಿ ನಕಲು ಮಾಡುವುದು, ಜೀವಮಾನವೆಲ್ಲ ಇದೇ ಕೆಲಸ. ನಮ್ಮದೂ ಅದೇ.

ತರಬೇತಿ ಕೊಡುವವರು ಮೈಸೂರಿನಿಂದ ಬಂದಿದ್ದರು. ಖಾಲಿ ಹಾಳೆ ಹಂಚಿ, "ಮನಸ್ಸಿನಲ್ಲಿರೋದನ್ನ ಬರೀರಿ" ಎಂದರು. ಬೆಟ್ಟದಪುರದವರು ಹಾಳೆ ತುಂಬ ಚೌಕ ಎಳೆದು ಕೈಕಟ್ಟಿ ಕೂತರು.

"ಯಾಕೆ ಸುಮ್ಮನೆ ಕೂತ್ರಿ?"

"ಚೌಕ ಆಯ್ತು ಸಾರ್. ನೋಡ್ಕೊಂಡು ಬರಿಯೋಕೆ ಚಿತ್ರ ಕೊಡಿ."

"ಚೌಕ ಎಳೆಯೋರು ಕಲಾವಿದರಲ್ಲ ಕಣ್ರೀ. ಚಿತ್ರ ನಿಮ್ಮ ಮನಸ್ಸಿನಲ್ಲೇ ಇರಬೇಕು."

ಬೆಟ್ಟದಪುರದವರು ಸ್ಕೇಲು ಕೈಗೆತ್ತಿಕೊಂಡರು.

"ಹಂಗಾದ್ರೆ ಮನಸ್ಸಿಗೂ ಚೌಕ ಎಳೀಬೇಕಲ್ಲ ಸಾರ್. ಸ್ಕೇಲು ಎಲ್ಲಿಡ್ಲಿ?"

ಕತ್ತಲೆ

ಮಾರನೆಯ ದಿನ ಲಕ್ಷ್ಮಣತೀರ್ಥದ ದಡಕ್ಕೆ ಕರೆದುಕೊಂಡು ಹೋದರು. ಕಣ್ಣು ಮುಚ್ಚಿ ಒಳಗೆ ನೋಡಿಕೊಳ್ಳಬೇಕು. ನೋಡಿಕೊಂಡೆವು. ಸುಖವಾದದ್ದೇನೂ ಕಾಣಲಿಲ್ಲ. ಎಚ್.ಡಿ. ಕೋಟೆಯ ಮೇಷ್ಟ್ರು ಗೊರಕೆ ಹೊಡೆದರು. ತರಬೇತಿಯವರು ಅವರನ್ನು ಎಬ್ಬಿಸಿ ಕೇಳಿದರು:

"ಏನು ಕಾಣಿಸ್ತು?"

"ಕತ್ತಲೆ ಸಾರ್."

"ಭೇಷ್! ಅದನ್ನೇ ಬರೀರಿ."

ಬರೆದರು. ಇದ್ದಿಲಿನ ತುಂಡು ಉಜ್ಜಿ ಉಜ್ಜಿ ಹಾಳೆಯ ಮೂಲೆಮೂಲೆಗೂ ಕಪ್ಪು. "ಇದರಲ್ಲಿ ಆಳ ಇದೆ" ಎಂದು ಹೊಗಳಿದ್ದೂ ಆಯಿತು. ಉಳಿದವರು ಇದ್ದಿಲಿನ ಡಬ್ಬಿಗೆ ಕೈ ಹಾಕಿದರೆ ಪುಡಿಯೂ ಇಲ್ಲ. ನಮ್ಮೆಲ್ಲರ ಪಾಲಿನ ಇದ್ದಿಲು ಅವರೊಬ್ಬರ ಕತ್ತಲೆಗೇ ಹೋಗಿತ್ತು.

ಕಿಟಕಿ

ಕೊನೆಯ ದಿನ ಬೆಳಿಗ್ಗೆ. ಬೆಟ್ಟದಪುರದವರ ಹಾಳೆಯಲ್ಲಿ ಚೌಕ ಬಿಟ್ಟು ಇನ್ನೇನಿಲ್ಲ.

"ಈ ವಯಸ್ನಲ್ಲಿ ಬೇರೆ ಏನ್ ಕೆಲ್ಸ ಮಾಡ್ಲಿ? ಹೊಲ ಇಲ್ಲ, ಗದ್ದೆ ಇಲ್ಲ."

"ಏನಾದ್ರೂ ಗೀಚಿ ಬುಡಿ" ಎಂದೆ.

"ಗೀಚೋದೂ ನೋಡ್ಕೊಂಡೇ ಕಣ್ರೀ ನಾನು."

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಕಿಟಕಿಗೆ ಅಡ್ಡ ಉದ್ದ ಕಬ್ಬಿಣದ ಸರಳು. ಹೊರಗಿನ ಲೋಕವೆಲ್ಲ ಆಗಲೇ ಚೌಕ ಚೌಕವಾಗಿತ್ತು. ಬೆಂಚು ಎಳೆದುಕೊಂಡು ಕೂತು ಸರಸರನೆ ಬರೆದರು.

ಮಧ್ಯಾಹ್ನ ಇನ್ಸ್‌ಪೆಕ್ಟರು ಬಂದರು. ತರಬೇತಿಯವರು ಮೊದಲು ತಾವೇ ಬರೆದ ಚಿತ್ರ ತೋರಿಸಿದರು. ತಾವರೆ ಹಿಡಿದ ದೇವಿ. "ಕಣ್ಣು ಮುಚ್ಚಿದಾಗ ಕಂಡದ್ದು ಸಾರ್." ಇನ್ಸ್‌ಪೆಕ್ಟರು ತಲೆದೂಗಿ, ಬೆಟ್ಟದಪುರದವರ ಹಾಳೆ ಎತ್ತಿಕೊಂಡರು.

ಒಂದು ಹೊಂಗೆ ಮರ. ಕೆಳಗೆ ಒಬ್ಬರು ತೊಡೆಯ ಮೇಲೆ ಕ್ಯಾಲೆಂಡರ್ ಇಟ್ಟುಕೊಂಡು, ಸ್ಕೇಲು ಹಿಡಿದು ಚೌಕ ಎಳೆಯುತ್ತಿದ್ದಾರೆ. ಕ್ಯಾಲೆಂಡರಿನಲ್ಲಿ ಅದೇ ದೇವಿ, ಅದೇ ತಾವರೆ. ಕೂತವರ ಬೋಳುತಲೆ, ಕನ್ನಡಕ, ಮೂಗು ಎಲ್ಲ ಅಚ್ಚೊತ್ತಿದ ಹಾಗಿದ್ದವು. ನಾವೆಲ್ಲ ತರಬೇತಿಯವರ ಕಡೆ ತಿರುಗಿದೆವು.

"ಇದು ನಿಮ್ಮ ಮನಸ್ಸಿನಿಂದ ಬಂದದ್ದೇನ್ರೀ?" ಇನ್ಸ್‌ಪೆಕ್ಟರು ಕೇಳಿದರು.

ಬೆಟ್ಟದಪುರದವರು ಎದ್ದು ನಿಂತರು.

"ಇಲ್ಲ ಸಾರ್. ಈ ಕಿಟಕಿಯಿಂದ."

ಇನ್ಸ್‌ಪೆಕ್ಟರು ಕಿಟಕಿಯ ಕಡೆ ಹೆಜ್ಜೆ ಇಡುವ ಮೊದಲೇ ತರಬೇತಿಯವರು ಕೂಗಿದರು: "ಪಾಸು ಸಾರ್, ಇವರು ಪಾಸು!"