ಬೊಂಬಾಯಿಯ ಸಿಲಿಂಡರ್ ಮಹಾಶಯರಿಗೆ ಮನೆಗಾಡಿಯ ಮಾಲೀಕನ ಅರಿಕೆ

ಶಿಕಾರಿಪುರ,
ಕಾರ್ತಿಕ ಕಳೆದ ಮೊದಲ ಸೋಮವಾರ, ೧೯೫೮

ಮಾನ್ಯರೇ, ಮೌನಿಗಳೇ, ಬೊಂಬಾಯಿಯಿಂದ ಶಿವಮೊಗ್ಗದವರೆಗೆ ರೈಲಿನಲ್ಲಿಯೂ ಅಲ್ಲಿಂದ ನಮ್ಮೂರಿನವರೆಗೆ ಬಸ್ಸಿನ ತಲೆಯ ಮೇಲೆಯೂ ಕೂತು ದಯಮಾಡಿಸಿದ ಗ್ಯಾಸಿನ ಸಿಲಿಂಡರ್ ಮಹಾಶಯರೇ, ತಮ್ಮ ದುಂಡು ಹೊಟ್ಟೆಗೂ ಹಿತ್ತಾಳೆಯ ಕುತ್ತಿಗೆಗೂ ಬೇರೆಬೇರೆಯಾಗಿ ನಮಸ್ಕಾರಗಳು.

ಈ ಕಾಗದ ಬರೆಯುತ್ತಿರುವವನು ಯಾರೋ ದಾರಿಹೋಕನೆಂದು ತಾವು ತಿಳಿಯಬಾರದು. ಉಗಿಬಂಡಿಯನ್ನು ಕಂಡುಹಿಡಿದ ವಿಲಾಯತಿಯ ಮಹನೀಯರು ಒಂದು ಚಕ್ರದ ವಿಷಯದಲ್ಲಿ ಅನುಮಾನ ಬಂದು ನನ್ನ ಸಲಹೆಯನ್ನೇ ಕೇಳಿದ್ದರು; ಆ ಕಾಲಕ್ಕೆ ನಾನಿನ್ನೂ ಹುಟ್ಟಿರಲಿಲ್ಲವಾದ್ದರಿಂದ ಉತ್ತರ ಕಳಿಸುವುದು ತಡವಾಯಿತು, ಅವರು ಅವಸರಪಟ್ಟು ತಾವೇ ಏನೋ ಒಂದು ಮಾಡಿಕೊಂಡುಬಿಟ್ಟರು. ಊರಿನ ಕೂಲಿಮಠದಲ್ಲಿ ನಾಲ್ಕು ಅಕ್ಷರ ಕಲಿತು, ಆಮೇಲೆ ಮೇಷ್ಟರಿಗೇ ನಾಲ್ಕು ಮಾತು ಕಲಿಸಿ ಹೊರಬಿದ್ದ ತೋಟಪ್ಪನೆಂದರೆ ಶಿಕಾರಿಪುರದಿಂದ ಸೊರಬದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ, ಮತ್ತು ಹೇಳುವಾಗ ಸ್ವಲ್ಪ ನಗುತ್ತಾರೆ. ಅದು ಗೌರವದ ನಗು.

ತಾವು ಈಗ ನನ್ನ ಜಗಲಿಯ ಮೂಲೆಯಲ್ಲೇ ಬಿಜಯಮಾಡಿರುವಾಗ ಪತ್ರಿಕೆಯಲ್ಲಿ ಕಾಗದ ಬರೆಯುವುದೇಕೆಂದು ಓದುಗರು ಕೇಳಬಹುದು. ಎದುರಿಗೆ ಕೂತು ವಿನಯದಿಂದಲೂ, ನಂತರ ಗದರಿಸಿಯೂ, ಕೊನೆಗೆ ದೊಣ್ಣೆಯಿಂದ ಮೆಲ್ಲಗೆ ತಟ್ಟಿಯೂ ವಿಚಾರಿಸಿದ್ದೇನೆ. ತಾವು ಠಣ್ ಎಂದಿರೇ ಹೊರತು ಸಮಾಧಾನ ಹೇಳಲಿಲ್ಲ. ಆದ್ದರಿಂದ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ತಾವು ಬರುವುದಕ್ಕೆ ಮೊದಲು, ಕಾಫಿ ತೋಟ ಮಾರಿ ವಿಲಾಯತಿಗೆ ಹೊರಟುಹೋದ ಒಬ್ಬ ಬಿಳಿಯ ದೊರೆಯ ಹಳೆಯ ವ್ಯಾನನ್ನು ನಾನು ಶಿವಮೊಗ್ಗದ ಹರಾಜಿನಲ್ಲಿ ಹಿಡಿದೆ. ಮೂವತ್ತು ವರ್ಷದ ಗಾಡಿ. ಆದರೆ ಒಳಗೆ ಮಡಚುವ ಮಂಚ, ಗೋಡೆಗೆ ಕಪಾಟು, ಕಿಟಕಿಗೆ ಪರದೆ, ಮೂಲೆಯಲ್ಲಿ ಒಂದು ಒಲೆಕಟ್ಟೆ. ಕಾಡಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಉಂಡು ಮಲಗಲು ದೊರೆ ಮಾಡಿಸಿಕೊಂಡದ್ದಂತೆ. ನಮ್ಮೂರ ಜನ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಪೆಟ್ರೋಲನ್ನಂತೂ ಅದು ಮದುವೆಮನೆಯ ಬೀಗರ ಹಾಗೆ ಕುಡಿಯುತ್ತಿತ್ತು. ಅಷ್ಟರಲ್ಲಿ ಬೊಂಬಾಯಿಯಲ್ಲಿ ಪ್ರೊಪೇನ್ ಎಂಬ ಗ್ಯಾಸನ್ನು ಕಬ್ಬಿಣದ ಹಂಡೆಯೊಳಗೆ ತುಂಬಿ ಮಾರುತ್ತಾರೆ, ಅದರಿಂದ ಒಲೆಯೂ ಉರಿಯುತ್ತದೆ, ತಲೆಯಿದ್ದವರಿಗೆ ಇಂಜಿನ್ನೂ ಓಡುತ್ತದೆ ಎಂಬ ಸುದ್ದಿ ಕಿವಿಗೆ ಬಿತ್ತು. ತಲೆಯಿರುವವರೆಂದರೆ ಈ ತಾಲ್ಲೂಕಿನಲ್ಲಿ ಮತ್ತೆ ಯಾರು ಸ್ವಾಮಿ? ತಮಗೆ ಬುಲಾವು ಹೋಯಿತು.

ತಮ್ಮನ್ನು ಗಾಡಿಗೆ ಜೋಡಿಸಿದವನು ನಮ್ಮ ಮಾಸ್ತಪ್ಪ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದಾಗ ಆ ಒಲೆ ಊದಿದವನು. "ಸಾವ್ಕಾರ್ರೇ, ಇದ್ದಿಲ ಹೊಗೆ ಕುಡ್ದು ಓಡಿದ ಇಂಜಿನ್ನಿಗೆ ಈ ಬೊಂಬಾಯಿ ಗಾಳಿ ಅಂದ್ರೆ ಹಾಲು ಅನ್ನ ಉಂಡಂಗೆ ಬಿಡ್ರೀ" ಎಂದು ಅವನು ಅಂದಾಗ ನನಗೆ ಅವನ ಮೇಲೆ ಮಗನ ಪ್ರೀತಿ ಬಂತು. ತಮಗೆ ಕೂರಲು ಜಾಗ ಸಾಲದೆಂದು ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿಸಿ ಹಿತ್ತಲಿಗೆ ಎಸೆದೆವು; ಅದರಲ್ಲಿ ಈಗ ನಮ್ಮ ಕೋಳಿ ಕಾವು ಕೂತಿದೆ. ತಮ್ಮ ಕುತ್ತಿಗೆಯಿಂದ ಹೊರಟ ಕೊಳವೆಯನ್ನು ಮಾಸ್ತಪ್ಪ ಎರಡು ಕವಲು ಮಾಡಿ, ಒಂದನ್ನು ಇಂಜಿನ್ನಿಗೂ ಇನ್ನೊಂದನ್ನು ಒಲೆಗೂ ಕೊಟ್ಟ. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳಲಿಲ್ಲ, ಗ್ಯಾಸು ಸೋರುತ್ತಿಲ್ಲವೆಂದು ಕುಣಿದ. ಇಂಜಿನ್ ಒಂದೇ ಸಲಕ್ಕೆ ಗುರ್ ಎಂದಿತು. ಆ ಹೊತ್ತಿನಲ್ಲಿ ತಾವು ತೋರಿದ ಸೌಜನ್ಯವನ್ನು ನಾನು ಮರೆತಿಲ್ಲ. ಆಮೇಲಿನದನ್ನು ಮರೆಯಬೇಕೆಂದರೂ ಊರಿನವರು ಬಿಡುತ್ತಿಲ್ಲ.

ಈಗ ನನ್ನ ತಂಗಿಯ ಮಗಳು ನಿರ್ಮಲಳ ವಿಷಯ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. ಸೊರಬದ ಬ್ಲಾಕ್ ಕಚೇರಿಯಿಂದ ಗ್ರಾಮಸೇವಿಕೆಯ ಕೆಲಸಕ್ಕೆ ಸಂದರ್ಶನವಿದೆ, ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗತಕ್ಕದ್ದು ಎಂದು ಹೋದ ಚಳಿಗಾಲದಲ್ಲಿ ಕಾರ್ಡು ಬಂದಿತ್ತು. ಅವಳಪ್ಪ ಮಹೇಶ್ವರಪ್ಪನವರು, ಅಂದರೆ ನನ್ನ ಭಾವನವರು, ಒಂದೇ ಮಾತು ಹೇಳಿದ್ದರು: ಈ ಕೆಲಸ ಸಿಕ್ಕಿದರೆ ಸರಿ, ಇಲ್ಲವಾದರೆ ಬರುವ ಮಾಘದಲ್ಲಿ ರಾಣೆಬೆನ್ನೂರಿನ ಹತ್ತಿ ವ್ಯಾಪಾರಿಗೆ ಎರಡನೆಯ ಸಂಬಂಧ. ಆ ವರಮಹಾಶಯರು ವಯಸ್ಸಿನಲ್ಲಿ ನನ್ನ ಓರಗೆಯವರು. ಮೀಸೆಯಲ್ಲಿ ನನಗಿಂತ ಹಿರಿಯರು. ಹುಡುಗಿ ಅಳಲಿಲ್ಲ, ಹೂವಪ್ಪನ ಬಸ್ಸಿನಲ್ಲಿ ಮುಂದಿನ ಸೀಟು ಹೇಳಿ ಬಂದಳು. ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಡ್ರೈವರ್ ಹೂವಪ್ಪನಿಗೆ, ನಿನ್ನ ಈ ತಗಡಿನ ಡಬ್ಬಿಯಲ್ಲಿ ನನ್ನ ಸೊಸೆ ಕೂರುವುದಿಲ್ಲ, ಅವಳು ತನ್ನ ಮಾವನ ಮನೆಯಲ್ಲೇ ಕೂತು ಸೊರಬಕ್ಕೆ ಹೋಗುತ್ತಾಳೆ ಎಂದು ಹತ್ತು ಜನರಿಗೆ ಕೇಳುವ ಹಾಗೆ ಹೇಳಿ ಸೀಟು ಬಿಡಿಸಿದೆ.

ಬೆಳಗಾಗುತ್ತಲೇ, ಬಸ್ಸಿಗೆ ಬಹಳ ಮೊದಲೇ ಹೊರಟು ನಿಂತೆವು. ಆದರೆ ನನ್ನ ಮನೆಯಾಕೆ ವೀರಮ್ಮ ಬಾಗಿಲಲ್ಲೇ ನಿಂತಳು. "ಹಾಲುಕ್ಕಿಸದೆ ಹೊಸಮನೆಗೆ ಕಾಲಿಡೋದು ಹೆಂಗ್ರೀ? ಒಲೆ ಐತಿ, ಮಂಚ ಐತಿ, ಬಾಗಿಲಿಗೆ ಅಗಳಿ ಐತಿ, ಮನೆ ಅಲ್ದೆ ಮತ್ತೇನಿದು?" ಎಂದಳು. ಮಾತು ನನಗೂ ಹಿಡಿಸಿತು. ತಮ್ಮ ಬೆಂಕಿಯಲ್ಲಿ ಹಾಲುಕ್ಕಿತು. ಹಾಲುಕ್ಕಿದ ಮೇಲೆ ಗೃಹಪ್ರವೇಶಕ್ಕೆ ಬಂದ ಕೇರಿಯವರಿಗೆಲ್ಲ ಸಜ್ಜಿಗೆಯಾಯಿತು, ಕಾಫಿಯಾಯಿತು. ಗಾಡಿಯಾಗಿದ್ದರೆ ಹತ್ತಿ ಹೊರಟುಬಿಡಬಹುದಿತ್ತು. ಮನೆಯಾದ್ದರಿಂದ ಬಂದವರಿಗೆ ತಾಂಬೂಲ ಕೊಡದೆ ಹೊರಡುವ ಹಾಗಿರಲಿಲ್ಲ.

ಶಿರಾಳಕೊಪ್ಪದಲ್ಲಿ ಅಂದು ಸಂತೆ. ಇಂಜಿನ್ನಿಗೆ ಸ್ವಲ್ಪ ಉಸಿರಾಡಲು ಅವಕಾಶವಾಗಲೆಂದು, ಬೇರೆ ಯಾವ ಉದ್ದೇಶವೂ ಇಲ್ಲದೆ, ಸಂತೆಯ ನಟ್ಟನಡುವೆ ಗಾಡಿ ನಿಲ್ಲಿಸಿ, ಎರಡೂ ಬಾಗಿಲು ತೆರೆದು, ಪರದೆ ಸರಿಸಿ, ಹಾರನ್ ಒತ್ತಿದೆ. ಜನ ಹಿಂದಿನ ಬಾಗಿಲಲ್ಲಿ ಹತ್ತಿ ಪಕ್ಕದ ಬಾಗಿಲಲ್ಲಿ ಇಳಿಯತೊಡಗಿದರು. ಒಳಗೆ ಕಾಲಿಟ್ಟವರನ್ನು ಬಾಯಾರಿಸಿ ಕಳಿಸಿದರೆ ಶಿಕಾರಿಪುರದವರ ಮನೆಯೇ ಹೀಗೆಂದು ನಾಳೆ ಅನ್ನುತ್ತಾರೆಂದು ವೀರಮ್ಮ ಬೆಲ್ಲದ ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸಲೇ ಇಲ್ಲ. ಬೆಲ್ಲದ ಮಂಡಿಯ ಪಂಚಾಕ್ಷರಪ್ಪನವರು ಒಂದು ಲೋಟ ಮುಗಿಸಿ ಇಳಿದು, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬೇರೆ ಅತಿಥಿಯಾಗಿ ಮತ್ತೆ ಹತ್ತಿ, "ಈ ಸಲ ಬೆಲ್ಲ ಒಂಚೂರು ಮುಂದಾಗ್ಲಿ ತಾಯೀ, ನಮ್ಮ ಅಂಗಡೀದೇ ಅಲ್ವೇ" ಎಂದರು. ನಿರ್ಮಲ ಮಾತ್ರ ಕಾರ್ಡನ್ನು ಕೈಯಲ್ಲಿ ಹಿಡಿದು, "ಮಾವಾ, ಹೊತ್ತಾಯ್ತು" ಎನ್ನುತ್ತಿದ್ದಳು. ನಾನು ಅವಳಿಗೂ ಒಂದು ಲೋಟ ಕೊಡಿಸಿದೆ.

ಮಹಾಶಯರೇ, ತಾವು ಬೆವರಿದ್ದು ಆಗಲೇ. ಆ ಚಳಿಯಲ್ಲಿ ತಮ್ಮ ಮೈ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು, ಹೊಟ್ಟೆಯ ಅರ್ಧದಿಂದ ಕೆಳಗೆ ಹನಿಹನಿ ನೀರು ಕೂತಿತ್ತು. ಬೊಂಬಾಯಿಯ ಜೀವ, ನಮ್ಮ ಹವಾ ಒಗ್ಗಲಿಲ್ಲ ಎಂದು ವೀರಮ್ಮ ಮರುಗಿದಳು. ನಿರ್ಮಲ ಬಗ್ಗಿ ನೋಡಿ, "ಮಾವಾ, ಒಳಗೆ ಎಣ್ಣೆಯಂಥದು ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಮಾತ್ರ ಬೆವರು. ಬೆಳಿಗ್ಗೆ ಮೇಲಿತ್ತು, ಈಗ ಕೆಳಗೆ ಬಂದಿದೆ, ಇನ್ನೂ ಇಳೀತಾ ಇದೆ" ಎಂದಳು. ನಾನು, ಇಳಿಯಲಿ ಬಿಡಮ್ಮ, ಜ್ವರ ಬಿಡುತ್ತಿದೆ ಎಂದು ಹೇಳಿ, ಹೊದ್ದಿದ್ದ ಕಂಬಳಿಯನ್ನು ತೆಗೆದು ತಮಗೆ ಕುತ್ತಿಗೆಯವರೆಗೆ ಹೊದಿಸಿದೆ. ಬೊಂಬಾಯಿಯಲ್ಲಿ ತಮ್ಮನ್ನು ಇಷ್ಟು ಅಂತಃಕರಣದಿಂದ ಯಾರಾದರೂ ನೋಡಿಕೊಂಡಿದ್ದರೇ?

ಅದಕ್ಕೆ ತಾವು ಕೊಟ್ಟ ಪ್ರತಿಫಲ ಲೋಕಕ್ಕೆ ಗೊತ್ತಾಗಲಿ. ಶಿರಾಳಕೊಪ್ಪ ದಾಟಿ ಸೊರಬದ ದಾರಿಯ ಒಂದು ಏರಿನ ಅರ್ಧದಲ್ಲಿ, ಒಂದು ಕೆಮ್ಮಿಲ್ಲ, ಒಂದು ಬಿಕ್ಕಳಿಕೆಯಿಲ್ಲ, ಗಾಡಿ ಸುಮ್ಮನಾಯಿತು. ಸುಮ್ಮನಾಗಿ ಹಿಂದಕ್ಕೆ ಉರುಳತೊಡಗಿತು. ನಾನು ಬ್ರೇಕನ್ನೂ ವೀರಮ್ಮ ಸಜ್ಜಿಗೆಯ ಬೋಗುಣಿಯನ್ನೂ ಹಿಡಿದೆವು. ನಿರ್ಮಲ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಕಂಬಳಿ ತೆಗೆದು ನೋಡಿದರೆ ತಮ್ಮ ಮೈಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಆರೋಗ್ಯವಾಗಿ, ಖಾಲಿಯಾಗಿ ಕೂತಿದ್ದಿರಿ.

ಹುಡುಗಿ ರಸ್ತೆಯ ಮಧ್ಯೆ ನಿಂತು ಬಂದ ದಾರಿಯನ್ನೇ ನೋಡುತ್ತಿದ್ದಳು. ಆಗ ಕಂಡಿತು ಹೂವಪ್ಪನ ಬಸ್ಸು. ಅವನು ಪಕ್ಕದಲ್ಲೇ ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ, "ಏನ್ ಸಾವ್ಕಾರ್ರೇ, ಮನೆ ಕಟ್ಟಾಕೆ ರಸ್ತೇನೇ ಬೇಕಾತೇನ್ರೀ? ದನ ಕಟ್ಟೋದು ಎಲ್ಲಿ, ಆಚೆ ಬದೀಗೋ?" ಎಂದು ಕೇಳಿದ, ಬಸ್ಸಿಗೆ ಬಸ್ಸೇ ನಕ್ಕಿತು. ಆದರೂ ಅವನದು ಒಳ್ಳೆಯ ಕರುಳು, ಸೀಟಿನಡಿಯಿಂದ ಒಂದು ಡಬ್ಬಿ ಪೆಟ್ರೋಲ್ ತೆಗೆದುಕೊಂಡು ಇಳಿದು ಬಂದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಬಗ್ಗಿ ಹೊಟ್ಟೆಯಡಿ ನೋಡಿದ, ಮತ್ತೊಂದು ಪ್ರದಕ್ಷಿಣೆ ಹಾಕಿದ. "ಎಲ್ಲಿಗೆ ಹುಯ್ಲಿ ಹೇಳ್ರೀ?" ಎಂದ. ಆ ಪ್ರಶ್ನೆಗೆ ಉತ್ತರ ಶಿಕಾರಿಪುರದ ಹಿತ್ತಲಲ್ಲಿ ಕೋಳಿಯ ಕೆಳಗಿತ್ತು.

ನಿರ್ಮಲ ಬಸ್ಸು ಹತ್ತಿದಳು. ಬಿಡಿಸಿದ್ದ ಸೀಟಿನಲ್ಲಿ ಯಾರೋ ಕೂತಿದ್ದರಿಂದ ಸೊರಬದವರೆಗೆ ನಿಂತೇ ಹೋದಳು. ಕಚೇರಿಯಲ್ಲಿ ಅವಳ ಹೆಸರು ಒಮ್ಮೆ ಕೂಗಿ ಆಗಿತ್ತಂತೆ. ಪುಣ್ಯಕ್ಕೆ ಎಲ್ಲರದೂ ಮುಗಿದ ಮೇಲೆ ಕರೆದರು. ಹಳ್ಳಿಯ ಹೆಂಗಸರು ಹೊಸ ಥರದ ಒಲೆ ಎಂದರೆ ಹೆದರುತ್ತಾರಲ್ಲಮ್ಮ, ಹೇಗೆ ಒಪ್ಪಿಸುತ್ತೀಯೆ ಎಂದು ಸಾಹೇಬರು ಕೇಳಿದರಂತೆ. ನನ್ನ ಸೋದರಸೊಸೆಯ ಉತ್ತರ ಹೀಗಿತ್ತಂತೆ: "ನಮ್ಮತ್ತೆ ಇವತ್ತು ಬೆಳಿಗ್ಗೆ ಮೊದಲ್ನೇ ಸಲ ಗ್ಯಾಸಿನ ಒಲೆ ಹಚ್ಚಿ ಒಂದು ಸಂತೆಗೇ ಕಾಫಿ ಕಾಸಿದ್ರು ಸಾರ್. ಹೆಂಗಸರದೇನೂ ಕಷ್ಟವಿಲ್ಲ. ಮೊದಲು ನಮ್ಮ ಮಾವನಂಥೋರಿಗೆ ತಿಳಿಸಿ ಹೇಳ್ಬೇಕು." ನಂತರ ಬೆವರಿನ ಗೆರೆಯ ಸಂಗತಿಯನ್ನೂ ಕಂಬಳಿಯ ಸಂಗತಿಯನ್ನೂ ವಿವರಿಸಿದಳಂತೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರೆಂದು ಹೂವಪ್ಪ ಹೇಳುತ್ತಾನೆ. ಅವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಹದಿನೈದು ದಿನಕ್ಕೆ ಕೆಲಸದ ಆರ್ಡರು ಬಂತು. ರಾಣೆಬೆನ್ನೂರಿನ ಮೀಸೆ ರಾಣೆಬೆನ್ನೂರಿನಲ್ಲೇ ಉಳಿಯಿತು. ಇದೆಲ್ಲ ನನ್ನ ಗಾಡಿಯಿಂದಲೇ ಆದದ್ದೆಂದು ನಾನು ಎಲ್ಲ ಕಡೆ ಹೇಳಿಕೊಂಡು ಬರುತ್ತಿದ್ದೇನೆ, ಮತ್ತು ಅದು ಸುಳ್ಳಲ್ಲ.

ಇನ್ನು ನನ್ನ ಬೇಡಿಕೆಗಳು. ಮುಂದೆ ತಾವು ಯಾರ ಮನೆಗೆ ಬಿಜಯಮಾಡಿಸಿದರೂ ಹೊಟ್ಟೆ ಅರ್ಧವಾದಾಗ ಒಮ್ಮೆ ಗಂಟಲು ಸರಿಮಾಡಿಕೊಳ್ಳತಕ್ಕದ್ದು. ಕಾಲು ಭಾಗಕ್ಕೆ ಬಂದಾಗ ಮನೆಯ ಯಜಮಾನನನ್ನು ಹೆಸರು ಹಿಡಿದು ಕೂಗತಕ್ಕದ್ದು. ಬೆವರುವಂಥ ಸೂಕ್ಷ್ಮ ಭಾಷೆ ನಮ್ಮ ಗಂಡಸರಿಗೆ ತಿಳಿಯುವುದಿಲ್ಲ. ಅಲ್ಲದೆ ಒಂದು ಲೋಟಕ್ಕೆ ಒಬ್ಬನೇ ಪಂಚಾಕ್ಷರಪ್ಪನೆಂದು ಲೆಕ್ಕವಿಟ್ಟು, ಎರಡನೆಯ ಪಂಚಾಕ್ಷರಪ್ಪನಿಗೆ ಒಲೆ ತಾನಾಗಿ ಆರುವಂತೆ ಏರ್ಪಾಡು ಮಾಡಿಕೊಳ್ಳತಕ್ಕದ್ದು. ಇಷ್ಟನ್ನು ನಡೆಸಿಕೊಟ್ಟರೆ ಹಳೆಯದನ್ನೆಲ್ಲ ಮರೆತು ತಮ್ಮನ್ನು ಪುನಃ ಬೊಂಬಾಯಿಗೆ ಕಳಿಸಿ ತುಂಬಿಸುವ ವಿಚಾರ ಮಾಡುತ್ತೇನೆ. ಅಲ್ಲಿಯವರೆಗೆ ವೀರಮ್ಮ ತಮಗೆ ಎಮ್ಮೆ ಕಟ್ಟುವುದನ್ನು ಅನ್ಯಥಾ ಭಾವಿಸಬಾರದು.

ಮನೆಗಾಡಿಯ ಯೋಗಕ್ಷೇಮ ತಿಳಿಯುವ ಕುತೂಹಲ ತಮಗಿರಬಹುದು. ಅದು ಆ ಏರಿನಲ್ಲೇ, ರಸ್ತೆಯ ಬದಿಯಲ್ಲಿದೆ. ಹೂವಪ್ಪನ ಭಾವಮೈದುನ ಅದನ್ನು ಕೊಂಡು, ತಮ್ಮ ಜಾಗದಲ್ಲಿ ಸೌದೆ ಒಲೆ ಹೂಡಿ ಹೋಟೆಲು ಇಟ್ಟಿದ್ದಾನೆ. ಮೊನ್ನೆ ಸೊರಬಕ್ಕೆ ಹೋಗುವಾಗ ಬಸ್ಸು ಅಲ್ಲೇ ನಿಂತಿತು. ನನ್ನ ಮಂಚದ ಮೇಲೆ ಕೂತು, ನನ್ನ ಪರದೆಯ ಗಾಳಿ ತೆಗೆದುಕೊಂಡು, ಕಾಫಿ ಕುಡಿದೆ. ಇಳಿಯುವಾಗ ಅವನು ಕೈಚಾಚಿ ದುಡ್ಡು ಕೇಳಿದ. ಅದು ಈಗ ಮನೆಯಲ್ಲವೆಂದು ಆಗ ನನಗೆ ಮನವರಿಕೆಯಾಯಿತು.

ಇಂತಿ, ಎಮ್ಮೆ ಕಟ್ಟಿದ ಮೇಲೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತೋಟಪ್ಪ

ಮರೆತ ಮಾತು: ಈ ವ್ಯವಹಾರದಲ್ಲಿ ಹೋದದ್ದು ಮುನ್ನೂರು ರೂಪಾಯಿ ಮಾತ್ರವೆಂದು ನಾನು ಮನೆಯಲ್ಲಿ ಹೇಳಿದ್ದೇನೆ, ತಾವು ಜಗಲಿಯಲ್ಲಿದ್ದುಕೊಂಡೇ ಆ ಮಾತನ್ನು ಕೇಳಿ ಸುಮ್ಮನಿದ್ದುದಕ್ಕೆ ಕೃತಜ್ಞ. ಆದರೆ ಗ್ರಾಮಸೇವಿಕೆಯಾದ ನಿರ್ಮಲ ರಜೆಗೆ ಬಂದಾಗಲೆಲ್ಲ ತನ್ನ ಅತ್ತೆಗೇ ಮೊದಲು ಓದು ಕಲಿಸುತ್ತಿದ್ದಾಳೆ. ವೀರಮ್ಮನಿಗೆ ಅಂಕಿಗಳು ತೌರಿನ ಅಂಗಡಿಯಲ್ಲೇ ಬಂದಿದ್ದವು. ಅಕ್ಷರಗಳು ಈಗ ಬರುತ್ತಿವೆ, ಬಹಳ ಬೇಗ ಬರುತ್ತಿವೆ. ಆದ್ದರಿಂದ ಅವಳು ಈ ಪತ್ರಿಕೆಯನ್ನು ತಾನಾಗಿ ಓದುವ ಮೊದಲು ನಿಜವನ್ನು ಒಪ್ಪಿಕೊಂಡು, ಒಂದೆರಡು ತಿಂಗಳ ಉಸಿರು ಸಿಗಲೆಂದು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲೇ ಬರೆಯುತ್ತಿದ್ದೇನೆ: ಒಂದು ಸಾವಿರದ ಒಂಬೈನೂರ ಎಪ್ಪತ್ತೆಂಟು ರೂಪಾಯಿ.